ಕೊಟ್ಟವರು ಏನು ಕೇಳಿದರು?

ಬೆಟಗೇರಿಯಲ್ಲಿ ಆಟೊ ಹತ್ತಿ ‘ಜರ್ಮನ್ ದವಾಖಾನಿ’ ಎಂದರೆ ಸಾಕು, ಬೇರೆ ಗುರುತು ಹೇಳಬೇಕಿಲ್ಲ. ದಾಖಲೆಯಲ್ಲಿ ಅದರ ಹೆಸರು ಸಿಎಸ್‌ಐ ಆಸ್ಪತ್ರೆ. ಅಲ್ಲಿ ಈಗ ಜರ್ಮನ್ನರು ಯಾರೂ ಇಲ್ಲ. ಆದರೂ ನಮ್ಮ ರೋಣ, ನರಗುಂದ, ಗಜೇಂದ್ರಗಡ ಕಡೆಯ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ಜರ್ಮನ್ ದವಾಖಾನಿಯೇ. ನನ್ನ ಗೆಳತಿಯೊಬ್ಬಳ ಅಜ್ಜಿ ನರ್ಸಿಂಗ್ ಕಲಿತದ್ದು ಅಲ್ಲಿ, ನಿವೃತ್ತಿಯವರೆಗೆ ದುಡಿದದ್ದೂ ಅಲ್ಲಿ. ಅವರ ಮನೆಯಲ್ಲಿ ಮೊದಲ ಸಂಬಳ ಎಣಿಸಿದ ಹೆಣ್ಣುಮಗಳು ಅವರೇ.

ನಾನು ರೋಣ ತಾಲ್ಲೂಕಿನ ಒಂದು ಹಳ್ಳಿಯವಳು. ಪದವಿ ಮುಗಿಸಿ ಬೆಟಗೇರಿಯಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮಂಥವರಿಗೆ ಬಾಸೆಲ್ ಮಿಷನ್ ಎಂದರೆ ಒಂದು ಅಂಕದ ಪ್ರಶ್ನೆ. ಮಂಗಳೂರಿಗೆ ಬಂದದ್ದು ಯಾವಾಗ? 1834. ‘ಮಂಗಳೂರ ಸಮಾಚಾರ’ ಯಾವ ವರ್ಷ? 1843. ಕಿಟೆಲ್ ನಿಘಂಟು? 1894. ಗೈಡಿನಲ್ಲಿ ಇಷ್ಟೇ ಇರುತ್ತದೆ, ನಾವು ಓದುವುದೂ ಇಷ್ಟೇ. ಆದರೆ ಈ ಇಸವಿಗಳ ಹಿಂದೆ ಇನ್ನೊಂದು ಕಥೆ ಇದೆ. ಊಟ ಇಲ್ಲದವರಿಗೆ, ಕೆಲಸ ಕಳೆದುಕೊಂಡವರಿಗೆ ಒಂದು ಚರ್ಚು ಏನು ಮಾಡಿತು ಎಂಬ ಕಥೆ. ಕೆಲಸ ಹುಡುಕುತ್ತಿರುವ ನಮಗೆ ಅದೇ ಹೆಚ್ಚು ಹತ್ತಿರದ್ದು ಅಂತ ನನಗೆ ಅನಿಸಿದೆ.

ಮೊದಲು ಬರದ ಮಾತು. ನಮ್ಮ ಮೂರು ತಾಲ್ಲೂಕಿನವರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ಎರಡೂ ಕೈಕೊಟ್ಟ ವರ್ಷ ಗೋವಾ ಇಲ್ಲವೇ ಮಂಗಳೂರು. ನರಗುಂದದಲ್ಲಿ 1980ರ ಜುಲೈ 21ರಂದು ಗುಂಡಿಗೆ ಬಲಿಯಾದ ರೈತರ ಕೂಗೂ ನೀರು ಮತ್ತು ಕರದ ಸುತ್ತಲಿನದೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಆ ವರ್ಷ ನಮ್ಮ ಹೊಲದಲ್ಲಿ ಹೆಸರು ಗೇಣುದ್ದ ಬೆಳೆದು ಒಣಗಿತು. ಅಪ್ಪ ಬಿತ್ತಿದ ಬೀಜದ ದುಡ್ಡೂ ಬರಲಿಲ್ಲ. ಅಣ್ಣ ಮಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ.

ಆದರೆ 1876-78ರ ಬರದ ಮುಂದೆ ಇದೆಲ್ಲ ಸಣ್ಣದು. ಆಗ ನಮ್ಮ ಸೀಮೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. 1872ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 9.88 ಲಕ್ಷ. 1881ರಲ್ಲಿ ಸುಮಾರು 8.83 ಲಕ್ಷ. ಒಂಬತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚು ಇಳಿದಿತ್ತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ಸರ್ಕಾರ ಪರಿಹಾರ ಕಾಮಗಾರಿ ತೆರೆಯಿತು. ಆದರೆ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಖರ್ಚು ಉಳಿಸಲು ಕೂಲಿಯನ್ನೇ ಇಳಿಸಿದ. ದಿನವಿಡೀ ಮಣ್ಣು ಹೊತ್ತ ಗಂಡಾಳಿಗೆ ಒಂದು ಪೌಂಡು ಧಾನ್ಯ, ಮೇಲೆ ಒಂದಾಣೆ. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಡಿಮೆ. ಹಸಿದವರೇ ಇದರ ವಿರುದ್ಧ ಮುಂಬಯಿ ಪ್ರಾಂತ್ಯದಲ್ಲಿ ಕೆಲಸ ನಿಲ್ಲಿಸಿದರು ಎಂದು ಓದಿದಾಗ ನನಗೆ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡಬೇಕು ಅನಿಸಿತು. ರೋಣ ತಾಲ್ಲೂಕಿನ ಹೊಳೆಆಲೂರಿನ ಮೇಲೆ ಹಾಯ್ದು ಹೋಗುವ ಗದಗ-ಹೊಟಗಿ ರೈಲು ಮಾರ್ಗ ಬಂದದ್ದು ಈ ಬರದ ನಂತರ, 1880ರ ದಶಕದಲ್ಲಿ. ಮತ್ತೆ ಬರ ಬಂದರೆ ಧಾನ್ಯ ಸಾಗಿಸಲು ದಾರಿ ಇರಲಿ ಎಂಬುದು ಆ ಮಾರ್ಗ ಹಾಕಲು ಒಂದು ಮುಖ್ಯ ಕಾರಣ. ಅದೇ ಮಾರ್ಗದ ರೈಲಿನಲ್ಲಿ ನಾವು ಈಗ ಪರೀಕ್ಷೆ ಬರೆಯಲು ವಿಜಯಪುರಕ್ಕೆ ಹೋಗುತ್ತೇವೆ.

ಬಾಸೆಲ್ ಮಿಷನ್‌ನವರು ಅಷ್ಟರೊಳಗೆ ಈ ಕಡೆ ನೆಲೆಯೂರಿದ್ದರು. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಸಂಸ್ಥೆ. ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯವರು. ಬರದಲ್ಲಿ ತಂದೆ ತಾಯಿ ಕಳೆದುಕೊಂಡ ಮಕ್ಕಳನ್ನು ಅವರು ಅನಾಥಾಲಯಗಳಿಗೆ ಕರೆತಂದರು. ಅನ್ನ ಹಾಕಿದರು, ಅಕ್ಷರ ಕಲಿಸಿದರು. ಇಷ್ಟು ಕೆಲಸವನ್ನು ಬೇರೆಯವರೂ ಮಾಡಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಪ್ರಶ್ನೆ. ಅನಾಥಾಲಯದ ಹುಡುಗನಿಗೆ ಹದಿನಾರು ತುಂಬಿತು. ಈಗ ಅವನು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆ ಮಿಷನ್‌ಗೆ ಬರಕ್ಕಿಂತ ಮುಂಚೆಯೇ ಎದುರಾಗಿತ್ತು. ಕ್ರೈಸ್ತನಾದವನು ಜಾತಿಯಿಂದ ಹೊರಬೀಳುತ್ತಿದ್ದ. ಜಾತಿಯ ಜೊತೆ ಕಸುಬೂ ಹೋಗುತ್ತಿತ್ತು, ಮನೆ ಹೋಗುತ್ತಿತ್ತು, ಗೇಣಿಗೆ ಹೊಲ ಕೊಡುತ್ತಿದ್ದವರು ಕೊಡುತ್ತಿರಲಿಲ್ಲ. ಅಂಥವರನ್ನು ಎಷ್ಟು ದಿನ ಕೂರಿಸಿ ಉಣಿಸುವುದು? ಮೊದಲು ಬೇಸಾಯ ಮಾಡಿಸಿ ನೋಡಿದರು. ನಮ್ಮ ಗದಗ ಹತ್ತಿರದ ಮಲ್ಲಸಮುದ್ರದಲ್ಲೇ 1841ರಲ್ಲಿ ಅಂಥದೊಂದು ವಸಾಹತು ಕಟ್ಟಲು ಹೊರಟರು. ಅದು ನಿಲ್ಲಲಿಲ್ಲ. ಕೈಕೆಲಸ ನಿಂತಿತು. ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯ. 1851ರಲ್ಲಿ ಜಾನ್ ಹಾಲರ್ ಎಂಬ ನೇಯ್ಗೆ ಬಲ್ಲ ಮಿಷನರಿ ಬಂದು ಮಗ್ಗ ಹೂಡಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬುವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ದಂಡೆಯ ಜೇಡಿಮಣ್ಣಿನಿಂದ ಸುಟ್ಟ ‘ಮಂಗಳೂರು ಹೆಂಚು’ ಹಡಗು ಹತ್ತಿ ಆಫ್ರಿಕಾದವರೆಗೂ ಹೋಯಿತು. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗೆ ಮಾತ್ರ ಅದು ಅಷ್ಟಾಗಿ ಬರಲಿಲ್ಲ. ಹೆಂಚು ಇಳಿಸುವಷ್ಟು ಮಳೆಯಾದರೂ ನಮಗೆಲ್ಲಿದೆ!

ರೋಣದ ಮೈದಾನದಲ್ಲಿ ಬೆಳಗಿನ ಐದಕ್ಕೆ ಓಡುವ ಪೊಲೀಸ್ ಆಕಾಂಕ್ಷಿಗಳಿಗಾಗಿ ಇಲ್ಲೊಂದು ಮಾತು. ನೀವು ಕನಸಿನಲ್ಲಿ ಕಾಣುವ ಖಾಕಿ ಬಟ್ಟೆಗೆ ಆ ಬಣ್ಣ ಕಟ್ಟಿದ್ದು ಇದೇ ಹಾಲರ್, ಮಂಗಳೂರಿನ ಇದೇ ನೇಯ್ಗೆ ಶಾಲೆಯಲ್ಲಿ ಎನ್ನುತ್ತಾರೆ. ಕೆಲಸವಿಲ್ಲದವರಿಗಾಗಿ ತೆರೆದ ಮಗ್ಗದ ಮನೆಯಿಂದ ಬಂದ ಬಣ್ಣಕ್ಕಾಗಿ ಇವತ್ತು ಕೆಲಸವಿಲ್ಲದ ಸಾವಿರಾರು ಜನ ಓಡುತ್ತಿದ್ದಾರೆ.

ಇದನ್ನೆಲ್ಲ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅಪ್ಪ ಏಳನೆಯ ಇಯತ್ತೆ ಓದಿದವರು. ಎಲ್ಲ ಕೇಳಿಸಿಕೊಂಡು, ‘ಕೊಟ್ಟವ್ರು ಏನ್ ಕೇಳಿದ್ರು ಅದನ್ ಹೇಳವ್ವಾ ಮೊದಲ’ ಅಂದರು.

ಕೇಳಿದ್ದು ಕಡಿಮೆಯೇನಲ್ಲ. ಮಿಷನ್ ಇಲ್ಲಿಗೆ ಬಂದದ್ದು ಧರ್ಮಪ್ರಚಾರಕ್ಕೆ, ಅದನ್ನು ಅವರೇ ಮುಚ್ಚಿಡಲಿಲ್ಲ. ಅವರ ಕಾರ್ಖಾನೆಯಲ್ಲಿ ದಿನದ ಕೆಲಸಕ್ಕೆ ಮೊದಲು ಪ್ರಾರ್ಥನೆ. ಸಭೆಗೆ ಸೇರಿದವರಿಗೆ ಕುಡಿತ ನಿಷಿದ್ಧ, ಜಾತಿ ಆಚರಣೆ ನಿಷಿದ್ಧ, ಹಳೆಯ ಹಬ್ಬಗಳು ನಿಷಿದ್ಧ. ಅನ್ನಕ್ಕಾಗಿ ಬಂದವರೋ ನಂಬಿಕೆಗಾಗಿ ಬಂದವರೋ ಎಂಬ ಅನುಮಾನ ಊರವರಿಗೂ ಇತ್ತು, ಮಿಷನರಿಗಳಿಗೂ ಇತ್ತು. ಹಾಗಾಗಿ ಬಂದವರಿಗೆಲ್ಲ ಕೂಡಲೇ ದೀಕ್ಷಾಸ್ನಾನ ಕೊಡದೆ, ಬೋಧನೆ ಮಾಡಿ ನಡತೆ ನೋಡುತ್ತಿದ್ದರು. ಬರದಲ್ಲಿ ಸಿಕ್ಕ ಅನಾಥ ಮಗುವಿನ ವಿಷಯ ಇನ್ನೂ ಕಷ್ಟದ್ದು. ಅದಕ್ಕೆ ಯಾವ ಧರ್ಮ ಬೇಕೆಂದು ಕೇಳುವವರು ಇರಲಿಲ್ಲ, ಹೇಳುವ ವಯಸ್ಸೂ ಅದಕ್ಕಿರಲಿಲ್ಲ. ಬದುಕಿತು, ಕ್ರೈಸ್ತನಾಗಿ ಬೆಳೆಯಿತು. ಇದು ಸರಿಯೇ ಎಂದು ಕುರ್ಚಿಯ ಮೇಲೆ ಕುಳಿತು ತೀರ್ಪು ಕೊಡುವುದು ಸುಲಭ. ಒಂದು ಪೌಂಡಿನ ಕೂಲಿಯ ಕಾಲದಲ್ಲಿ ನಿಂತು ಕೊಡುವುದು ಸುಲಭವಲ್ಲ. ಆದರೆ ಪ್ರಶ್ನೆ ಕೇಳುವ ಹಕ್ಕು ಅಪ್ಪನಿಗಿದೆ. ಹಸಿದವನು ಒಪ್ಪಿದ್ದನ್ನೆಲ್ಲ ಅವನ ಮನಃಪೂರ್ವಕ ಒಪ್ಪಿಗೆ ಎನ್ನಲು ನನಗೂ ಮನಸ್ಸು ಬರುವುದಿಲ್ಲ.

ಅದೇ ಹೊತ್ತಿಗೆ ಹೆಂಚಿನ ಕಾರ್ಖಾನೆಗಳಲ್ಲಿ ಕ್ರೈಸ್ತರಲ್ಲದವರೂ ದುಡಿದರು, ಕೆಲಸ ಕಲಿತರು. ಆಮೇಲೆ ಕರಾವಳಿಯುದ್ದಕ್ಕೂ ಬೇರೆ ಬೇರೆ ಸಮುದಾಯದವರ ಹೆಂಚಿನ ಕಾರ್ಖಾನೆಗಳು ಎದ್ದವು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಬಂಧಿಸಿದರು, ಹೊರಗೆ ಕಳಿಸಿದರು. ಉದ್ಯಮಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಕೈಸೇರಿದವು. ಕಾರ್ಖಾನೆ ಚರ್ಚಿನದಾಗಿ ಉಳಿಯಲಿಲ್ಲ. ಕಲಿತವರ ಕೈಯಲ್ಲಿ ಕೆಲಸ ಉಳಿಯಿತು. ಗೆಳತಿಯ ಅಜ್ಜಿಯ ನರ್ಸಿಂಗ್ ಕೂಡ ಇದೇ ಸಾಲಿನದು ಎಂದು ನನ್ನ ಲೆಕ್ಕ.

ಚರ್ಚಿನವರದೇ ದೊಡ್ಡದು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನಮ್ಮ ಸೀಮೆಯಲ್ಲಿ ಹಸಿದವನಿಗೆ ಮೊದಲು ನೆನಪಾಗುವುದು ಮಠ. ಹಾಲಕೆರೆಯ ಮಠದ ಹೆಸರೇ ಅನ್ನದಾನೇಶ್ವರ. ನರೇಗಲ್ಲದಲ್ಲಿ ಆ ಮಠದ ಶಾಲೆ ಕಾಲೇಜುಗಳಲ್ಲಿ ಓದಿದವರು ನಮ್ಮ ಹಳ್ಳಿಗಳ ಮನೆಮನೆಯಲ್ಲಿ ಸಿಗುತ್ತಾರೆ. ಡಂಬಳದಲ್ಲಿ ರೊಟ್ಟಿಗೇ ಒಂದು ಜಾತ್ರೆ ಇದೆ. ಗಜೇಂದ್ರಗಡದಿಂದ ಬಸ್ ಹತ್ತಿದರೆ ಸಿಗುವ ಕೊಪ್ಪಳದ ಗವಿಮಠದಲ್ಲಿ ಸಾವಿರಾರು ಬಡ ವಿದ್ಯಾರ್ಥಿಗಳು ಉಚಿತವಾಗಿ ಉಂಡು, ತಂಗಿ ಓದುತ್ತಾರೆ. 2022ರಲ್ಲಿ 5,000 ವಿದ್ಯಾರ್ಥಿಗಳ ವಸತಿ ನಿಲಯಕ್ಕೆ ಅಡಿಗಲ್ಲು ಹಾಕುವಾಗ ಗವಿಸಿದ್ಧೇಶ್ವರ ಸ್ವಾಮೀಜಿ ಜನರೆದುರು ಕಣ್ಣೀರು ಹಾಕಿದ ವಿಡಿಯೊ ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ನನ್ನ ಊರಿನ ಇಬ್ಬರು ಹುಡುಗರು ಅಂಥ ಪ್ರಸಾದ ನಿಲಯಗಳಲ್ಲೇ ಪಿಯುಸಿ ಮುಗಿಸಿದರು.

ಇನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮ. ನನ್ನ ಪ್ರಶ್ನೆಗೆ ಮನೆ ಬಾಗಿಲಲ್ಲೇ ಇದ್ದ ಉತ್ತರ ಅದು. ಪಂಚಾಕ್ಷರ ಗವಾಯಿಗಳು (1892-1944) ಸ್ವತಃ ಕಣ್ಣಿಲ್ಲದವರು. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗಿ ಸಂಗೀತ ಕಲಿಸಿದರು. ಬರಿ ಉಣಿಸಿ ಬಿಟ್ಟಿದ್ದರೆ ಆ ಮಕ್ಕಳು ಮತ್ತೆ ಗುಡಿಯ ಕಟ್ಟೆಗೇ ಹೋಗಬೇಕಿತ್ತು. ಅವರು ಹಾಡುಗಾರರಾದರು, ತಬಲಾ ಹಾರ್ಮೋನಿಯಂ ವಾದಕರಾದರು, ಸಂಗೀತ ಶಿಕ್ಷಕರಾಗಿ ಸಂಬಳ ತಂದರು. ಅವರ ನಂತರ ಪುಟ್ಟರಾಜ ಗವಾಯಿಗಳು (1914-2010) ನಾಟಕ ಬರೆದು, ಕಂಪನಿ ನಡೆಸಿ, ಅದರ ಗಳಿಕೆಯಿಂದ ಆಶ್ರಮದ ಒಲೆ ಉರಿಸಿದರು. ಜೆಪ್ಪುವಿನ ಹೆಂಚು, ಗದಗಿನ ಹಾರ್ಮೋನಿಯಂ ಎರಡೂ ಒಂದೇ ಪ್ರಶ್ನೆಗೆ ಸಿಕ್ಕ ಉತ್ತರ.

ಈಗಿನ ಚರ್ಚುಗಳು ಏನು ಮಾಡುತ್ತವೆ? ನಾನು ಕಣ್ಣಾರೆ ನೋಡಿದ್ದು ಸ್ವಲ್ಪ. ಗೆಳತಿಯ ಜೊತೆ ಒಮ್ಮೆ ಅವರ ಸಭೆಯ ಸುಗ್ಗಿ ಹಬ್ಬಕ್ಕೆ ಹೋಗಿದ್ದೆ. ಜನ ಮನೆಯಿಂದ ಜೋಳ, ಕುಂಬಳಕಾಯಿ, ತೆಂಗು, ಕೋಳಿ ತಂದಿಡುತ್ತಾರೆ. ಆರಾಧನೆಯ ನಂತರ ಹರಾಜು. ಹತ್ತು ರೂಪಾಯಿಯ ನಿಂಬೆಹಣ್ಣನ್ನು ಒಬ್ಬರು ಮುನ್ನೂರಕ್ಕೆ ಕೂಗಿದರು, ಇನ್ನೊಬ್ಬರು ಹಟಕ್ಕೆ ಬಿದ್ದು ಐನೂರಕ್ಕೆ ಏರಿಸಿದರು, ಎಲ್ಲರೂ ನಕ್ಕರು. ಬಂದ ಹಣದಲ್ಲಿ ಒಂದು ಪಾಲು ಸಭೆಯ ಬಡವರಿಗೆ, ಮಕ್ಕಳ ಫೀಜಿಗೆ. ನಮ್ಮ ಜಾತ್ರೆಯಲ್ಲಿ ತೆಂಗಿನಕಾಯಿ ಸವಾಲು ಕೂಗುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಮಿಜೋರಾಂನಲ್ಲಿ ಕ್ರೈಸ್ತ ಮನೆಗಳ ಹೆಂಗಸರು ಪ್ರತಿ ಸಲ ಅಡುಗೆಗೆ ಅಕ್ಕಿ ಹಾಕುವಾಗ ಒಂದು ಹಿಡಿ ಚರ್ಚಿಗೆಂದು ಬೇರೆ ತೆಗೆದಿಡುತ್ತಾರಂತೆ. ಬಡವರ ಮನೆಯಿಂದಲೂ ಬರುವ ಆ ಹಿಡಿ ಅಕ್ಕಿ ಕೂಡಿ ದೊಡ್ಡ ನಿಧಿಯಾಗಿದೆ.

ಹಣವಿದ್ದ ದೇಶದಲ್ಲೂ ಈ ಸಾಲು ತಪ್ಪಿಲ್ಲ. ಬ್ರಿಟನ್ನಿನಲ್ಲಿ 1997ರಲ್ಲಿ ಕ್ರೈಸ್ತ ದಂಪತಿ ಆರಂಭಿಸಿದ ಟ್ರಸೆಲ್ ಟ್ರಸ್ಟ್‌ನ ‘ಫುಡ್ ಬ್ಯಾಂಕ್’ಗಳಲ್ಲಿ ಬಹಳಷ್ಟು ನಡೆಯುವುದು ಚರ್ಚುಗಳ ಸಭಾಂಗಣದಲ್ಲಿ. 2022-23ರಲ್ಲಿ ಅವು ಹಂಚಿದ ಆಹಾರದ ಪೊಟ್ಟಣಗಳು ಸುಮಾರು 30 ಲಕ್ಷ. ಡಾಕ್ಟರೋ ಶಾಲೆಯವರೋ ಬರೆದುಕೊಟ್ಟ ಚೀಟಿ ತಂದರೆ ಕೆಲವು ದಿನಕ್ಕಾಗುವಷ್ಟು ದಿನಸಿ. ಯಾವ ದೇವರೆಂದು ಕೇಳುವುದಿಲ್ಲ. ಆದರೆ ಮುಂದಿನ ತಿಂಗಳು ಮತ್ತೆ ಬರುವವರು ಬರುತ್ತಲೇ ಇರುತ್ತಾರೆ.

ನಮ್ಮ ಊರಿಗೂ ಪೊಟ್ಟಣ ಬಂದಿತ್ತು, 2020ರ ಲಾಕ್‌ಡೌನ್‌ನಲ್ಲಿ. ಗೋವಾದಿಂದ ವಾಪಸಾದವರನ್ನು ಶಾಲೆಯಲ್ಲಿ ಇರಿಸಿದ್ದರು. ಒಂದು ಸಂಘದವರು ಕಿಟ್ ತಂದು, ಒಬ್ಬೊಬ್ಬರ ಕೈಗೂ ಕೊಟ್ಟು ಫೋಟೊ ತೆಗೆದರು. ಫೋಟೊ ಸರಿಯಾಗಿ ಬರಲಿಲ್ಲವೆಂದು ಒಬ್ಬ ಮುದುಕಿಯಿಂದ ಚೀಲ ವಾಪಸ್ ಇಸಕೊಂಡು ಎರಡನೇ ಸಲ ಕೊಟ್ಟರು. ಇನ್ನೊಂದು ಕಿಟ್‌ನ ಚೀಲದ ಮೇಲೆ ನಾಯಕರ ನಗುಮುಖ. ಮೂರನೆಯದು ಚರ್ಚಿನ ಹುಡುಗರು ಬೈಕ್ ಮೇಲೆ ತಂದದ್ದು. ತೊಗರಿಬೇಳೆ, ಎಣ್ಣೆ, ಸಾಬೂನು. ಅವರು ಹೋದ ಮೇಲೆ ಕಟ್ಟೆಯಲ್ಲಿ ಗುಸುಗುಸು: ‘ಜಾತಿ ಕೆಡಸಾಕ ಬಂದಿದ್ರೇನು?’ ಅವರು ಮತ್ತೆ ಬರಲಿಲ್ಲ. ಬೇಳೆ ಎಲ್ಲರ ಮನೆಯಲ್ಲೂ ಬೆಂದಿತು.

ಆ ಗುಸುಗುಸು ಆಮೇಲೆ ಕಾನೂನಿನೊಳಗೂ ಬಂತು. 2022ರ ಕರ್ನಾಟಕದ ಮತಾಂತರ ಕಾಯ್ದೆ ‘ಆಮಿಷ’ದ ಪಟ್ಟಿಯಲ್ಲಿ ಉಡುಗೊರೆ, ಹಣದ ಜೊತೆಗೆ ಉದ್ಯೋಗವನ್ನೂ ಧಾರ್ಮಿಕ ಸಂಸ್ಥೆಯ ಉಚಿತ ಶಿಕ್ಷಣವನ್ನೂ ಸೇರಿಸಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದುಪಡಿಸುವ ತೀರ್ಮಾನ ಮಾಡಿತು. ಕೊಟ್ಟದ್ದಕ್ಕೆ ಪ್ರತಿಯಾಗಿ ನಂಬಿಕೆಯನ್ನು ಕೇಳುವುದು ತಪ್ಪೇ, ಅದರಲ್ಲಿ ನನಗೆ ಗೊಂದಲವಿಲ್ಲ. ಆದರೆ ಎಣ್ಣೆ ಬೇಳೆ ಕೊಡುವುದಕ್ಕೆ ಧೈರ್ಯವಿದ್ದು, ಕೆಲಸ ಕಲಿಸುವುದಕ್ಕೆ ಹೆದರಬೇಕಾದ ಸ್ಥಿತಿ ಬಂದರೆ ನಷ್ಟ ಯಾರಿಗೆ? ಬೇಳೆ ಎಂಟು ದಿನದಲ್ಲಿ ಮುಗಿಯುತ್ತದೆ.

ನಮ್ಮ ವಯಸ್ಸಿನವರ ಮಾತಿಗೆ ಬರೋಣ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ರೂಮಿನ ಬಾಡಿಗೆಯಲ್ಲಿ ನನ್ನ ಪಾಲು, ಲೈಬ್ರರಿ ಫೀಸು, ಪರೀಕ್ಷೆಯ ಅರ್ಜಿ ಶುಲ್ಕ ಕೊಟ್ಟರೆ ಮುಗಿಯಿತು. ರೇಷನ್ ಅಕ್ಕಿ ಊರಿನಿಂದ ಬರುತ್ತದೆ, ಅವ್ವ ರೊಟ್ಟಿ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಾಳೆ. ಹೊಟ್ಟೆಗೆ ತೊಂದರೆಯಿಲ್ಲ. ಹತ್ತು ಹುದ್ದೆಗೆ ಸಾವಿರಾರು ಅರ್ಜಿ ಬೀಳುವ ಕಡೆ, ಉಳಿದವರೆಲ್ಲ ಏನು ಕಲಿತು ಬದುಕಬೇಕು ಎಂಬುದೇ ತೊಂದರೆ. ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆಗೆ ಈಗ ಪೇಟೆಯಲ್ಲಿ ಮತ್ತೆ ಬೇಡಿಕೆ ಬಂದಿದೆ. ಆದರೆ ಅಲ್ಲಿನ ನೇಕಾರ ಮನೆಯ ನನ್ನ ಸಹಪಾಠಿ ಮಗ್ಗಕ್ಕೆ ಕೂರಲು ಒಲ್ಲೆ ಎಂದು ಎಫ್‌ಡಿಎಗೆ ಓದುತ್ತಿದ್ದಾಳೆ. ಅವಳನ್ನು ಬೈಯಲಾರೆ. ಮಗ್ಗದ ಕೂಲಿಯಲ್ಲಿ ಅವಳ ಅಪ್ಪನ ಕಣ್ಣು ಹೋದದ್ದನ್ನು ಅವಳು ನೋಡಿದ್ದಾಳೆ.

ಮಠಗಳ ಪ್ರಸಾದ ನಿಲಯ, ಚರ್ಚುಗಳ ಹಾಸ್ಟೆಲ್, ಆಸ್ಪತ್ರೆ, ಶಾಲೆ ಎಲ್ಲ ನಮ್ಮ ಸುತ್ತ ಇವೆ. ಕಟ್ಟಡ ಇದೆ, ಅಡುಗೆಮನೆ ಇದೆ, ನಂಬುವ ಜನ ಇದ್ದಾರೆ. ಓದುವ ಹುಡುಗನಿಗೆ ಅಲ್ಲಿ ಊಟ ಸಿಗುತ್ತದೆ. ಓದು ಬಿಟ್ಟು ಕೆಲಸ ಕಲಿಯುತ್ತೇನೆ ಎನ್ನುವವನಿಗೆ ಬಹುತೇಕ ಸಿಗುವುದಿಲ್ಲ, ಏಕೆಂದರೆ ಅವನ ಕೈಯಲ್ಲಿ ಕಾಲೇಜಿನ ಪ್ರವೇಶ ಪತ್ರ ಇರುವುದಿಲ್ಲ. 1851ರಲ್ಲಿ ಮಗ್ಗ ಹೂಡಿದವರಿಗೆ ಹೊಳೆದದ್ದು, ಹಾರ್ಮೋನಿಯಂ ಹಿಡಿದು ಊರೂರು ತಿರುಗಿದವರಿಗೆ ಹೊಳೆದದ್ದು ಈ ಕಾಲದವರಿಗೂ ಹೊಳೆಯಬಹುದು. ಯಾವ ದೇವರ ಹೆಸರಲ್ಲಾದರೂ ಆಗಲಿ, ಸಂಜೆ ನಾಲ್ಕು ಮಿಷನ್ ಇಟ್ಟು ಕಲಿಸಲಿ, ಆರು ತಿಂಗಳು ಉಣಿಸಲಿ. ಅಪ್ಪ ಕೇಳುವ ಪ್ರಶ್ನೆಯನ್ನು ನಾನೂ ಬಾಗಿಲಲ್ಲಿ ನಿಂತು ಕೇಳಿಯೇ ಒಳಗೆ ಹೋಗುತ್ತೇನೆ.

ಅಣ್ಣ ಮೊನ್ನೆ ಕಡಲೆ ಬಿತ್ತಿ ಮತ್ತೆ ಮಂಗಳೂರಿಗೆ ಹೊರಟ. ಸೆಂಟ್ರಿಂಗ್ ಕೆಲಸದಲ್ಲಿ ಬೆನ್ನು ಹೋಗುತ್ತದೆ, ವೆಲ್ಡಿಂಗ್ ಕಲಿಯಬೇಕು ಎನ್ನುತ್ತಾನೆ. ಕಲಿಸಲು ಒಬ್ಬರು ಒಪ್ಪಿದ್ದಾರಂತೆ, ಆದರೆ ಆರು ತಿಂಗಳು ಪಗಾರ ಇಲ್ಲ. ‘ಅಷ್ಟ ದಿವಸ ಉಣ್ಣಾಕ, ಮಲಗಾಕ ಎಲ್ಲೆರ ಜಾಗ ಸಿಗತೈತೇನು ಕೇಳಿ ನೋಡವಾ, ನಿನಗ ಎಲ್ಲಾ ಗೊತ್ತದಲ್ಲ’ ಅಂದ. ಎರಡು ಮಠಗಳಲ್ಲಿ ಕೇಳಿದ್ದೇನೆ. ಗೆಳತಿ ಮಂಗಳೂರಿನ ಸಭೆಯೊಂದಕ್ಕೆ ಫೋನ್ ಮಾಡಿ, ಭಾನುವಾರ ತಿಳಿಸುತ್ತೇನೆ ಎಂದಿದ್ದಾಳೆ.